ಮೆಷಿನ್ ನಿಂತ ಹೊತ್ತು

ಗಿರಣಿ ಓಡುತ್ತಿದೆ, ಬೀದಿಯ ಕೊನೆಯ ಹಿಟ್ಟಿನ ಗಿರಣಿ, ಬೆಲ್ಟು ಗಾಲಿಗೆ ಬಡಿಯುವ ಸದ್ದು ನೆಲದೊಳಗಿಂದ ಬಂದು ಅಂಗಾಲಿಗೆ ತಾಗುತ್ತಿದೆ, ಡೀಸೆಲ್ ಎಂಜಿನ್ ಇಟ್ಟಿರಬೇಕು, ಇಟ್ಟೇ ಇರುತ್ತಾನೆ, ಲಿಂಗನಮಕ್ಕಿಯಲ್ಲಿ ನೀರು ತಳ ಕಂಡಿದೆಯೆಂದು ದಿನಾ ಬೆಳಿಗ್ಗೆ ಕರೆಂಟ್ ತೆಗೆಯುವ ಈ ವರ್ಷದಲ್ಲಿ ಕರೆಂಟ್ ನಂಬಿ ಗಿರಣಿ ನಡೆಸುವವನು ಯಾರು — ಒತ್ತಬೇಡಿ ಸಾಬ್ರೇ, ಸುಮ್ನೆ ಎಳೆದು ಬುಡಿ, ಗರಗಸಕ್ಕೇ ಗೊತ್ತದೆ ದಾರಿ, ಎನ್ನುತ್ತಾನೆ ಗೆಳೆಯ ರಾಮಾಂಜಿನಯ್ಯ, ಹಲಗೆಯ ಆ ತುದಿಗೆ ಮೊಣಕಾಲೂರಿ ಕೂತು, ಗುಬ್ಬಿಯ ಅವನ ಕಚೇರಿಯ ಫೋನಿಗೆ ಸುದ್ದಿ ಹೇಳಿಸಿದಾಗ ಬರುವಾಗ ಗರಗಸ ತಾ ಎಂದೂ ಹೇಳಿಸಿದ್ದೆ, ಗೋಣಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದ, ನನ್ನ ಹೆಂಡತಿ ಒಳಗೆ ಬಿಳಿ ಚಾದರದ ಕೆಳಗೆ ಮಲಗಿದ್ದಾಳೆ, ತಾಜುನ್ನೀಸಾ, ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಅವಳನ್ನು ಎತ್ತಬೇಕು, ಅಷ್ಟರೊಳಗೆ ಮಣ್ಣು ಅವಳ ಮುಖದ ಮೇಲೆ ಬೀಳದಂತೆ ಖಬರಿಗೆ ಅಡ್ಡಲಾಗಿ ಹಾಸುವ ಹಲಗೆಗಳು ಕೊಯ್ದಾಗಬೇಕು. ಗೋರಿ ತೋಡುವ ಇಸಾಕ್ ಸಾಬ್ ಬಿದಿರುಕಡ್ಡಿಯೊಂದನ್ನು ಖಬರಿನ ಅಗಲಕ್ಕೆ ಮುರಿದು ತಂದುಕೊಟ್ಟ, ಇದೇ ಅಳತೆ, ಒಂದು ಗೇಣು ಹೆಚ್ಚಿಗಿರಲಿ, ಎರಡೂ ಕಡೆ ಮಣ್ಣಿನ ಮೇಲೆ ಕೂತ್ಕೋಬೇಕಲ್ಲ, ಅಂದ, ಆಮೇಲೆ ಮರದ ಮೇಲೆ ಕೈಯಾಡಿಸಿದ, ತೇಗ ಕಣಪ್ಪಾ ಬಾಬಾ ಜಾನ್ ಇದು, ಮಣ್ಣಿಗೆ ತೇಗ ಹಾಕ್ತಾರಾ, ಮಸೀದಿ ಹಿಂದೆ ಬೇವಿನ ಹಲಗೆ ಕೊಯ್ಸಿ ಇಟ್ಟಿದೀವಿ, ಅದೇ ತಗೊಂಡ್ಹೋಗ್ತೀನಿ, ನೀನು ಒಳಗೆ ಕೂತ್ಕೋ — ಬೇಡ ಅಂದೆ, ಇದು ಅವಳದೇ ಮರ, ಅವಳ ಬೀರುವಿಗೆಂದು ತಂದದ್ದು, ನಾನೇ ಕೊಯ್ತೀನಿ ಅಂದೆ. ಮುಟ್ಟುವ ಹಾಗಿಲ್ಲ ಅವಳನ್ನು ಇನ್ನು. ಮುಖ ನೋಡಬಹುದು, ಮುಟ್ಟಬಾರದು ಗಂಡ, ಉಸಿರು ಹೋದ ಗಳಿಗೆಗೇ ಆ ಗಂಟು ಬಿಚ್ಚಿತು ಎನ್ನುತ್ತಾರೆ ನಮ್ಮ ಮಸೀದಿಯ ಹಜ್ರತ್, ಬೆಳಿಗ್ಗೆ ಗೊತ್ತಿಲ್ಲದೆ ಎತ್ತಿದೆನಲ್ಲ, ಜೀವ ಇದೆಯೆಂದುಕೊಂಡು ಎತ್ತಿ ಹಾಸಿಗೆಗೆ ತಂದೆನಲ್ಲ, ಅದಕ್ಕೆ ಪಡೆದವನು ಮಾಫಿ ಕೊಡಲಿ, ಈಗ ಉಳಿದಿರುವುದು ಮರವೊಂದೇ, ಮರ ಮುಟ್ಟಿದರೆ ಮರ ಅವಳನ್ನು ಕಾಯುತ್ತದೆ, ಅಷ್ಟರ ಮಟ್ಟಿಗೆ ನನ್ನ ಕೈ ಅವಳ ಹತ್ತಿರ ಇದ್ದಂತೆ. ಅವಳ ಕೈಯಲ್ಲಿ ಹಿಟ್ಟಿತ್ತು. ಮಣಿಕಟ್ಟಿನವರೆಗೂ ಹಸಿ ಹಿಟ್ಟು, ಚಪಾತಿಗೆ ನಾದುತ್ತಿದ್ದವಳು, ಬಲಗೈ ಬೆರಳುಗಳ ಒಳಮೈ ಮಾತ್ರ ಬರಿದಾಗಿತ್ತು, ಯಾವುದಕ್ಕೋ ಒರೆಸಿದ ಹಾಗೆ, ಸೆರಗಿಗೆ ಒರೆಸಿಕೊಂಡಿರಬೇಕು, ಸೆರಗಿನಲ್ಲಿ ಹಿಟ್ಟು ಕಾಣಲಿಲ್ಲ.

ಮರ ಕೊಯ್ಯುವ ಆ ಮೆಷಿನ್ ಅಲ್ಲೇ ಇದೆ, ನನ್ನ ಬೆನ್ನ ಹಿಂದೆ, ಶೆಡ್ಡಿನ ನಡುವೆ, ಬೀರುವಿನ ಪಕ್ಕಕ್ಕೆಂದು ಇಟ್ಟ ಹಲಗೆಯನ್ನು ಅರ್ಧ ಸೀಳಿ ಹಲ್ಲು ಕಚ್ಚಿಕೊಂಡು ನಿಂತಿದೆ, ಬೆಳಿಗ್ಗೆ ನಿಂತದ್ದು ನಿಂತೇ ಇದೆ, ರಾಮಾಂಜಿನಯ್ಯ ಬಂದವನೇ ಅದನ್ನು ನೋಡಿದ, ಗೋಣಿ ಬಿಚ್ಚಿ ಗರಗಸ ತೆಗೆದ. ಬೇರೆ ದಿನವಾಗಿದ್ದರೆ, ಏನಪ್ಪಾ ವಿಮಾನ ಕೆಟ್ಟೋಯ್ತಾ, ಅನ್ನುತ್ತಿದ್ದ. ವಿಮಾನ ಎಂದೇ ಹೆಸರಿಟ್ಟಿದ್ದ ಅದಕ್ಕೆ, ತಾಜುನ್ನೀಸಾಳ ತಮ್ಮ ಏಜಾಜ್ ಅಹಮದ್ ದಮ್ಮಾಮಿನಿಂದ ಕಂಬಳಿಯಲ್ಲಿ ಸುತ್ತಿ ತಂದಾಗ ಶಿರಾ ಗೇಟಿನ ನನ್ನ ಹಗ್ಗದ ಅಂಗಡಿಯಲ್ಲೇ ಬಿಚ್ಚಿದ್ದೆವು, ನೀಲಿ ಮೈ, ಜಪಾನಿನದು, ತಟ್ಟೆಯಗಲದ ಗರಗಸ, ಏಜಾಜ್ ಹೇಳಿದ ಬೆಲೆಗೆ ಅವನ ಅಕ್ಕನ ಬಳೆ ಒಂದು ಜೊತೆ ಹೋಯಿತು, ಅವಳೇ ಬಿಚ್ಚಿಕೊಟ್ಟಳು, ಬೀರು ಆದ ಮೇಲೆ ಅದರೊಳಗೆ ಇಡೋಕೆ ಏನಾದ್ರೂ ಉಳಿಸ್ರೀ ಅಂದಳು. ಅಲ್ಲಾ ಸಾಬ್ರೇ, ವಾರಕ್ಕೊಂದಿನ ಮರ ಮುಟ್ಟೋರು ನಾವು, ನಮಗ್ಯಾಕೆ ಇದು, ಬಡಗಿಗಾದ್ರೆ ಹೊಟ್ಟೆಪಾಡು, ಸಂಜೆಗೆ ಬಾಗಿಲು ಕೊಡಬೇಕು, ನಮ್ಮನ್ನ ಯಾರು ಅಟ್ಟಿಸಿಕೊಂಡು ಬರ್ತಾವ್ರೆ, ಅಂದ ರಾಮಾಂಜಿನಯ್ಯ. ಅವನೊಂದು ಮಣೆ ಮಾಡಲು ಮಳೆಗಾಲ ಪೂರ್ತಿ ತೆಗೆದುಕೊಳ್ಳುವವನು, ಗುಬ್ಬಿ ಹತ್ತಿರದ ಸಾಮಿಲ್ಲಿನಲ್ಲಿ ತುಂಡು ಮರ ಆರಿಸುತ್ತಿದ್ದಾಗ ನಾವಿಬ್ಬರೂ ಒಂದೇ ತುಂಡಿಗೆ ಕೈ ಹಾಕಿ ಸ್ನೇಹಿತರಾದೆವು, ಅವನ ವಂಶದಲ್ಲಿ ಯಾರ ಮದುವೆಯಾದರೂ ಹಸೆಮಣೆ ಅವನದೇ, ಒಂದು ಮದುವೆಗಂತೂ ಮಣೆ ಮುಗಿಯುವಷ್ಟರಲ್ಲಿ ಮಗು ಹುಟ್ಟಿತ್ತು ಎಂದು ನಾನು ರೇಗಿಸಿದರೆ, ಮಗು ಕೂತ್ಕೊಂಡು ಉಂಡ್ತಲ್ಲ ಬುಡಿ ಅದ್ರ ಮೇಲೆ, ದಂಡ ಆಯ್ತಾ, ಎನ್ನುತ್ತಿದ್ದ. ನಾನು ವಾದ ಮಾಡಿದೆ, ದಿನವಿಡೀ ಹಗ್ಗ ಅಳೆದು ಟಾರ್ಪಾಲು ಮಡಿಸಿ ಸೋತ ಕೈ ನನ್ನದು, ಶುಕ್ರವಾರ ಜುಮ್ಮಾ ನಮಾಜಿಗೆ ಮುಂಚಿನ ನಾಲ್ಕು ಗಳಿಗೆ ನನ್ನ ಪಾಲಿಗೆ ಸಿಗುವುದು, ಅದರಲ್ಲಿ ಅರ್ಧ ಸೀಳುವುದರಲ್ಲೇ ಹೋದರೆ ಗೆರೆ ಕೊರೆಯುವುದು ಯಾವಾಗ, ಕಾಲು ಕೆತ್ತುವುದು ಯಾವಾಗ, ಬೆಲೆಬಾಳುವ ಯಂತ್ರ ಹವ್ಯಾಸಿಗೇ ಬೇಕು ಕಣಯ್ಯಾ, ಹೊತ್ತಿಲ್ಲದವನು ಅವನೇ ತಾನೆ, ಅಂದೆ. ಸರಿಯಾಗಿಯೇ ಅಂದೆ. ಈಗಲೂ ತಪ್ಪು ಹುಡುಕಲಾರೆ ಆ ಮಾತಿನಲ್ಲಿ. ಉಳಿಸಿದ ಹೊತ್ತನ್ನೆಲ್ಲ ಎಲ್ಲಿಟ್ಟೆ ಎಂದು ಯಾರಾದರೂ ಕೇಳಿದರೆ, ಬೀರು ಆಗಲಿಲ್ಲ, ಅದರ ಬದಲು ಮೆಷಿನ್ನಿಗೇ ಒಂದು ಮೇಜು ಆಯಿತು, ಮೆಷಿನ್ನನ್ನು ಮೇಜಿನಡಿಗೆ ತಲೆಕೆಳಗಾಗಿ ಕಟ್ಟಿ, ಒತ್ತುವ ಗುಂಡಿಗೆ ಸೈಕಲ್ ಟ್ಯೂಬು ಬಿಗಿದು ಯಾವಾಗಲೂ ಚಾಲೂ ಇರುವಂತೆ ಮಾಡಿ, ಒಳಮನೆಯಿಂದ ಹಿತ್ತಲ ಮೇಲೆ ಹಾಯಿಸಿ ದಪ್ಪ ವೈರು ತಂದು, ಆಮೇಲೆ ಮೇಜಿಗೊಂದು ಡ್ರಾಯರು, ಡ್ರಾಯರಿಗೆ ಹಿಡಿ, ಆಮೇಲೆ ಮೀಟರ್ ಬೋರ್ಡಿಗೆ ಬಾಗಿಲು.

ಸೈಂ ಸೈಂ, ಎಳೆದಾಗ ಒಂದು ಉಸಿರು, ಬಿಟ್ಟಾಗ ಒಂದು ಉಸಿರು, ಎಷ್ಟು ವರ್ಷವಾಯಿತು ಕೈಗರಗಸ ಹಿಡಿದು, ನನ್ನದು ತುಕ್ಕು ತಿಂದು ಮೂಲೆಯಲ್ಲಿದೆ, ತೋಳು ಆಗಲೇ ಸೋಲುತ್ತಿದೆ, ರಾಮಾಂಜಿನಯ್ಯ, ನಾನು ಹಿಡೀಲಾ, ಎನ್ನುತ್ತಾನೆ, ಬೇಡ. ಈ ಎರಡು ಉಸಿರಿನ ನಡುವೆ ಒಂದು ಸಂದು ಇರುತ್ತದೆ, ಮರೆತೇಹೋಗಿತ್ತು ನನಗೆ, ಆ ಸಂದಿನಲ್ಲಿ ಅವಳ ಮಾತು ಬಂದು ಕೂರುತ್ತಿತ್ತು. ಅವಳು ಕುಣಿಗಲ್ ತಾಲ್ಲೂಕಿನವಳು, ಯಡಿಯೂರಿನ ಪಕ್ಕದ ಹಳ್ಳಿ, ಸುತ್ತ ಒಕ್ಕಲಿಗರ ಮನೆ, ಸಿಟ್ಟು ಬಂದರೂ ಕನ್ನಡ, ನಗು ಬಂದರೂ ಕನ್ನಡ, ಅಡುಗೆಮನೆಯಲ್ಲಿ ಕೂತು ಗೋಡೆಯಾಚೆಯಿಂದ ಕಥೆ ಹೇಳುತ್ತಿದ್ದಳು, ಅವಳ ಅಜ್ಜಿಯ ಕಥೆ, ಮರ ಕಡಿಯುವ ಫಕೀರನದು, ಕೊಡಲಿ ಎತ್ತುವ ಮುಂಚೆ ಕಾಂಡಕ್ಕೆ ಮೂರು ಸಲ ಬೆರಳಲ್ಲಿ ತಟ್ಟಿ, ಒಳಗೆ ಯಾವುದಾದ್ರೂ ಜೀವ ಇದ್ರೆ ಹೊರಗೆ ಬಾರಪ್ಪಾ, ಕೂಗಿದ್ರೆ ನಂಗೆ ಕೇಳ್ಸಾಕಿಲ್ಲ, ಎನ್ನುತ್ತಿದ್ದನಂತೆ, ಸೈಂ, ಆಮೇಲೆ, ಸೈಂ, ಆಮೇಲೆ ಒಂದಿನ ತಟ್ಟೋದು ಮರೆತುಬುಟ್ಟ ಕಣ್ರೀ, ಸೈಂ, ಹಾಗೆ ಎಳೆಯುತ್ತ ಎಳೆಯುತ್ತ ಕಥೆ, ಹಲಗೆ ಸೀಳುವಷ್ಟರಲ್ಲಿ ಕಥೆ ಮುಗಿಯುತ್ತಿತ್ತು, ಇಲ್ಲವೇ ಕಥೆಗಾಗಿ ನಾನು ನಿಧಾನ ಎಳೆಯುತ್ತಿದ್ದೆ. ಮೆಷಿನ್ನಿನಲ್ಲಿ ಸಂದು ಇಲ್ಲ. ಒಂದೇ ಕೂಗು, ಶುರುವಾದರೆ ಕೊನೆಯವರೆಗೆ, ಅದರೊಳಗೆ ನಾನು ಒಬ್ಬನೇ, ಸುಳ್ಳು ಹೇಳಲಾರೆ, ಸುಖವಾಗಿರುತ್ತಿತ್ತು. ಅವಳು ಬಾಗಿಲಲ್ಲಿ ನಿಂತು ಕೂಗುತ್ತಿದ್ದಳಂತೆ, ಅಂಗಡಿ ಹುಡುಗ ಬಂದವ್ನೆ, ಊಟ ಆರಿಹೋಯ್ತು, ನಂಗ್ಯಾಕೋ ಉಬ್ಬಸ, ಒಂದೂ ತಲುಪುತ್ತಿರಲಿಲ್ಲ, ಹತ್ತಿರ ಬಂದು ಬೆನ್ನು ಮುಟ್ಟಿದರೆ ಬೆಚ್ಚಿ ಕೈ ಗರಗಸಕ್ಕೆ ಹೋದೀತೆಂದು ನಾನೇ ಬೈದಿದ್ದೆ. ಅದಕ್ಕೇ ಅವಳು ಉಪಾಯ ಹುಡುಕಿದಳು. ಅಡುಗೆಮನೆಯ ಹೊರಗಿನ ನಡೆಯಲ್ಲಿ ಮೈನ್ ಸ್ವಿಚ್ಚು, ಕಬ್ಬಿಣದ ಪೆಟ್ಟಿಗೆ, ಪಕ್ಕದಲ್ಲಿ ಕಪ್ಪು ಹಿಡಿಕೆ, ಕೆಳಗೆ ಎಳೆದರೆ ಮನೆಯ ಕರೆಂಟೆಲ್ಲ ಬಂದ್. ಎಳೆದುಬಿಡುತ್ತಿದ್ದಳು. ಕೂಗುತ್ತಿದ್ದ ಮೆಷಿನ್ ಹಲಗೆಯ ನಡುವೆ ಗೊರಗುಟ್ಟಿ ಸಾಯುತ್ತಿತ್ತು, ನಾನು ಉರಿದುಕೊಂಡು ಹೊರಗೆ ಬಂದರೆ ಅಲ್ಲೇ ನಿಂತು ನಗುತ್ತಿದ್ದಳು, ನಿಮ್ಮನ್ನ ಕರೆಯೋಕೆ ಇದೊಂದೇ ದಾರಿ ಉಳಿದಿರೋದು ಕಣ್ರೀ. ಹಿಡಿಕೆಯ ಮೇಲೆ ಹಿಟ್ಟಿನ ಬೆರಳು, ಕಪ್ಪಿನ ಮೇಲೆ ಬೆಳ್ಳಗೆ, ಹಸಿ ಕೈಯಲ್ಲಿ ಕರೆಂಟ್ ಮುಟ್ತೀಯಲ್ಲೇ, ಸಾಯ್ಬೇಕಂತ ಇದೀಯಾ, ಎಂದು ಬೈದು ಬೈದು ನಾನೇ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಆಮೇಲೆ ಬಾಗಿಲು ಮಾಡಿದೆ, ಮೀಟರ್ ಬೋರ್ಡಿಗೆ, ತೇಗದ್ದೇ, ಬೀರುವಿನ ಮರದಿಂದ ಒಂದು ತುಂಡು, ನಾಲ್ಕು ಮೂಲೆಗೂ ಬಳ್ಳಿ ಕೆತ್ತಿ, ತೆರೆದು ಕೈಬಿಟ್ಟರೆ ತಾನೇ ಮುಚ್ಚಿಕೊಳ್ಳುವಂತೆ ಒಳಗೆ ಗಟ್ಟಿ ಸ್ಪ್ರಿಂಗು ಹಾಕಿ. ರಾಮಾಂಜಿನಯ್ಯ ಕೂಡ ಒಪ್ಪಿದ, ವಿಮಾನದಿಂದ ಒಂದಾದ್ರೂ ಒಳ್ಳೇದ್ ಆಯ್ತು. ಅವಳು ಒಮ್ಮೆ ಎಳೆದು ನೋಡಿ, ಅಯ್ಯೋ ಬಿಗಿ, ಬೀಗ ಹಾಕ್ಬಿಟ್ರಿ ಬುಡಿ ನನ್ನ ಬಾಯಿಗೆ, ಅಂದಳು. ನಕ್ಕೇ ಅಂದಳು. ಅಲ್ಲಿಂದ ಮುಂದೆ ಎಳೆದಿಲ್ಲ. ಹಿತ್ತಲ ಕಲ್ಲಿನ ಮೇಲೆ ಕೂತು ಮೆಷಿನ್ ನಿಲ್ಲುವವರೆಗೆ ಕಾಯುತ್ತಿದ್ದಳು.

ಇವತ್ತು ಕಾದಳೋ, ಕರೆದಳೋ. ಜಮಾಲುನ್ನೀಸಾ ಅದನ್ನೇ ಕೇಳಿದಳು, ಮಗಳು, ಕುಣಿಗಲ್ಲಿನ ಗಂಡನ ಮನೆಯಿಂದ ಬಸ್ಸಿಳಿದು ಓಡಿಬಂದವಳು, ಅಳುವ ಮುಂಚೆಯೇ ಕೇಳಿದಳು, ಅಬ್ಬಾ, ಅಮ್ಮೀ ನಿಮ್ಮನ್ನ ಕರೀಲಿಲ್ವಾ, ನೀವು ಮನೇಲೇ ಇದ್ರಲ್ಲ. ಇಲ್ಲ ಕಣಮ್ಮಾ, ಅಂದೆ, ಕರೆಂಟ್ ಹೋಗಿತ್ತು, ಮೆಷಿನ್ ನಿಂತಿತ್ತು, ಕರೆದಿದ್ರೆ ಕೇಳ್ಸೇ ಕೇಳ್ಸೋದು. ಇದು ನಿಜ, ಕರೆಂಟ್ ಹೋಗಿತ್ತು, ಹಲಗೆ ಅರ್ಧ ದಾಟಿತ್ತು, ಗೊರಗುಟ್ಟಿ ನಿಂತಿತು, ದಿನಾ ತೆಗೆಯುವ ಹೊತ್ತೇ ಅದು, ಸ್ವಲ್ಪ ಮುಂಚೆ ತೆಗೆದರೇನೋ ಅಷ್ಟೇ, ಕರೆಂಟ್ ಹೋದ ಮನೆಯ ಮೌನ ಎಂಥದೆಂದರೆ ಸೂಜಿ ಬಿದ್ದರೂ ಕೇಳಬೇಕು, ಕೇಳಲಿಲ್ಲ, ಎಂದರೆ ಅವಳು ಕರೆಯಲಿಲ್ಲ, ಎಂದರೆ ಅವಳಿಗೆ ಹೊತ್ತೇ ಇರಲಿಲ್ಲ, ಹೂವು ತೊಟ್ಟು ಕಳಚಿದಂತೆ ಹೋದಳು, ಹಜ್ರತ್ ಕೂಡ ಹಾಗೇ ಅಂದರು, ಪುಣ್ಯವಂತರ ಸಾವು. ಮೆಷಿನ್ ನಿಂತ ಮೇಲೆ ನಾನು ಬೆಂಚಿನ ಮೇಲೆ ಕೂತೆ. ಒಂದು ಬೀಡಿ ಹಚ್ಚಿದೆ. ಹಂಚಿನ ಸಂದಿನಿಂದ ಬಿಸಿಲು ಕೋಲಿನಂತೆ ಇಳಿದಿತ್ತು, ಅದರೊಳಗೆ ಮರದ ಪುಡಿ ಮೇಲೆ ಕೆಳಗೆ ಆಡುತ್ತಿತ್ತು, ಕಿವಿಯೊಳಗಿನ ಗುಂಯ್ ಇಳಿದು ಹಿತ್ತಲ ಗುಬ್ಬಚ್ಚಿ ಕೇಳಿಸಿತು, ದೂರದಲ್ಲಿ ಗಿರಣಿ, ಗಿರಣಿ ಅಲ್ಲ, ಬೇರೇನೋ, ಸುಬ್‌ಹಾನಲ್ಲಾಹ್ ಅಂದೆ, ಬೆರಳ ಗೆಣ್ಣು ಎಣಿಸಿ ತಸ್ಬೀಹ್ ಮಾಡಿದೆ, ಇಂಥ ಮೌನ ಕೊಟ್ಟವನೇ ನಿನಗೆ ಶರಣು ಎಂದೆ, ಮನಸ್ಸು ತಿಳಿಯಾಯಿತು, ಕರೆಂಟ್ ಈಗ ಬರುತ್ತದೆ, ಬಂದ ಮೇಲೆ ಈ ಹಲಗೆ ಮುಗಿಸೋಣ, ಈ ವರ್ಷ ಬೀರು ಆಗೇ ಆಗಬೇಕು, ಕನ್ನಡಿ ಎಲ್ಲಿ ಕೂರಿಸುವುದು ಎಂದು ಅವಳನ್ನೇ ಕೇಳಬೇಕು ಎಂದುಕೊಂಡೆ. ಬೀಡಿ ಮುಗಿಯಿತು. ಇನ್ನೊಂದು ಹಚ್ಚಿದೆ. ಆಮೇಲೆ ಸೀದ ವಾಸನೆ. ಯಾರ ಮನೆಯಲ್ಲೋ ಚಪಾತಿ ಸೀಯಿಸಿದ್ದಾರೆ ಅಂದುಕೊಂಡೆ, ತಾಜು ಸೀಯಿಸುವವಳಲ್ಲ, ವಾಸನೆ ದಪ್ಪವಾಯಿತು, ಹೊಗೆ ಹಿತ್ತಲಿಗೆ ಬಂತು, ಎದ್ದು ಹೋದೆ, ಸ್ಟವ್ ಉರಿಯುತ್ತಲೇ ಇದೆ, ಕಾವಲಿಯ ಮೇಲೆ ಕಪ್ಪು ಬಿಲ್ಲೆ, ಅವಳು ಅಡುಗೆಮನೆಯಲ್ಲಿಲ್ಲ, ಹೊರಗಿನ ನಡೆಯಲ್ಲಿ, ಗೋಡೆಗೆ ಒರಗಿದಂತೆ ಕೂತು ಪಕ್ಕಕ್ಕೆ ವಾಲಿದ್ದಾಳೆ, ನೀರು ಕುಡಿಯಲು ಎದ್ದಿರಬೇಕು, ಹಂಡೆ ಅಲ್ಲೇ ಇರುವುದಲ್ಲ, ಹಂಡೆ ಆ ತುದಿಗಿದೆ, ಈ ತುದಿಗಲ್ಲ, ಇರಲಿ, ದಾರಿಯಲ್ಲಿ ಕುಸಿದಿರಬೇಕು, ಕಣ್ಣು ತೆರೆದೇ ಇತ್ತು, ಹಿತ್ತಲ ಬಾಗಿಲ ಕಡೆ, ಶೆಡ್ಡಿನ ಕಡೆ, ಬಲಗೈ ಮಡಿಲಲ್ಲಿ ಅಂಗಾತ, ಬೆರಳುಗಳ ಒಳಮೈಯಲ್ಲಿ ಹಿಟ್ಟಿಲ್ಲ.

ಸಾಬ್ರೇ, ಸಾಕು, ಇದೇ ಕೊನೇದು, ಎನ್ನುತ್ತಾನೆ ರಾಮಾಂಜಿನಯ್ಯ, ಕೊಯ್ದ ಹಲಗೆಗಳನ್ನು ಜೋಡಿಸುತ್ತಾನೆ, ಬಿದಿರುಕಡ್ಡಿ ಇಟ್ಟು ಒಂದೊಂದನ್ನೂ ಅಳೆಯುತ್ತಾನೆ, ಅಂಚಿನ ಸಿಬಿರು ಅಂಗೈಯಲ್ಲಿ ಸವರಿ ತೆಗೆಯುತ್ತಾನೆ, ಯಾಕೋ, ಯಾರ ಕೈಗೆ ಚುಚ್ಚುತ್ತದೆಂದು. ಮೆಷಿನ್ ಕಚ್ಚಿಕೊಂಡ ಹಲಗೆಯೂ ಬಂದಿದ್ದರೆ ಇನ್ನೂ ಸರಾಗವಾಗುತ್ತಿತ್ತು, ಬಿಡಿಸಲು ನೋಡಿದೆವು, ಬರಲಿಲ್ಲ, ಅದು ಅಲ್ಲೇ ಇರಲಿ. ನಡುವೆ ಅವನು ಕೇಳಿದ್ದ, ನಿಮ್ಮಲ್ಲಿ ಇನ್ನೂ ಕರೆಂಟ್ ಬಂದಿಲ್ವಾ, ಬಸ್ ಸ್ಟ್ಯಾಂಡಲ್ಲಿ ಇತ್ತಲ್ಲ, ಜ್ಯೂಸ್ ಅಂಗಡೀಲಿ ಫ್ಯಾನ್ ತಿರುಗ್ತಿತ್ತು — ನಮ್ಮ ಮರಳೂರಿಗೆ ಬೇರೆ ಲೈನು ಕಣಯ್ಯಾ, ಅಂದೆ. ಮಸೀದಿಯ ಮೈಕಿನಲ್ಲಿ ಅವಳ ಹೆಸರು ಹೇಳಿದರು, ತಾಜುನ್ನೀಸಾ, ಬಾಬಾ ಜಾನ್ ಸಾಹೇಬರ ಮನೆಯವರು, ಇಡೀ ಮರಳೂರಿಗೆ ಕೇಳುವಂತೆ, ಮೈಕಿಗೆ ಬ್ಯಾಟರಿ ಇದೆ, ಇರುತ್ತದೆ. ಗಿರಣಿಗೆ ಡೀಸೆಲ್. ಪಕ್ಕದ ಮನೆಯ ರೇಡಿಯೋಗೆ ಸೆಲ್ಲು. ಒಂದೊಂದಕ್ಕೂ ಒಂದೊಂದು ಇದೆ. ಹಿತ್ತಲಲ್ಲಿ ಸೀರೆಗಳನ್ನು ಅಡ್ಡ ಕಟ್ಟಿ ಮರೆ ಮಾಡುತ್ತಿದ್ದಾರೆ, ಮೈ ತೊಳೆಯಲು ಮಲಗಿಸುವ ತಖ್ತೆ ತಂದಿಟ್ಟಿದ್ದಾರೆ, ಬಿಸಿನೀರಿನ ಹೊಗೆ ಏಳುತ್ತಿದೆ, ಬಾರೆಹಣ್ಣಿನ ಎಲೆ ಕುದಿಯುವ ವಾಸನೆ, ಮೈ ತೊಳೆಯಿಸುವ ಹಜರಾ ಬೀ ತೋಳು ಮೇಲೇರಿಸಿಕೊಂಡು ಬಂದು ದೂರದಲ್ಲೇ ನಿಲ್ಲುತ್ತಾಳೆ, ಈ ಬೀದಿಯ ಹೆಂಗಸರನ್ನೆಲ್ಲ ಕೊನೆಗೆ ಮುಟ್ಟುವವಳು ಅವಳೇ, ಕೈ ತುಂಬಾ ಹಿಟ್ಟು ಒಣಗಿದೆಯಪ್ಪಾ, ನೆನೆಸಿ ಬಿಡಿಸ್ಬೇಕು, ಪಾಪ ಅಡಿಗೆ ಮಾಡ್ತಾ ಮಾಡ್ತಾ ಹೋಗ್ಬಿಟ್ಳು, ಎಂದು ಸೆರಗಿನ ತುದಿ ಕಣ್ಣಿಗೊತ್ತಿ, ಮತ್ತೆ ಮೇಲೆ ನೋಡಿ, ಬಾಬಾ ಜಾನ್, ಈ ನಿನ್ನ ವೈರು ನಮ್ಮ ತಲೆ ಮೇಲೇ ಹಾಯ್ದಿದೆ ಕಣೋ, ಕೆಳಗೆಲ್ಲಾ ನೀರಾಗ್ತದೆ, ಕರೆಂಟ್ ಯಾವಾಗ ಬಂದು ಯಾರಿಗೆ ಹೊಡೀತದೋ, ನೀನ್ ಹೋಗಿ ಮೈನ್ ತೆಗೆದ್ಬಿಡು, ಆಮೇಲೆ ನೀರು ಹಾಕ್ತೀವಿ.

ಹೋಗುತ್ತೇನೆ ಅಂದೆ, ಹೋಗುತ್ತಿದ್ದೇನೆ, ರಾಮಾಂಜಿನಯ್ಯ, ನಾನ್ ಹೋಗ್ಲಾ, ಎನ್ನುತ್ತಾನೆ, ಬೇಡ, ತೋಳಿನಲ್ಲಿ ಗರಗಸ ಇನ್ನೂ ಎಳೆಯುತ್ತಲೇ ಇದೆ, ಸೈಂ, ನಡೆಯಲ್ಲಿ ತಣ್ಣಗಿದೆ, ಒಳಗಿನಿಂದ ಖುರಾನಿನ ಯಾಸೀನ್ ಓದುವ ಹೆಂಗಸರ ದನಿ, ಸೀದ ವಾಸನೆ ಗೋಡೆಗೆ ಅಂಟಿದೆ, ಇಲ್ಲೇ ಕೂತಿದ್ದಳು, ಮೀಟರ್ ಬೋರ್ಡಿನ ಈ ಬಾಗಿಲ ಕೆಳಗೆ, ನೇರ ಕೆಳಗೆ, ಹಂಡೆ ಆ ತುದಿಗೆ, ತಲೆ ಒರಗಿದಲ್ಲಿ ಸುಣ್ಣ ಸ್ವಲ್ಪ ಉಜ್ಜಿದೆ, ಬಳ್ಳಿ ಚೆನ್ನಾಗಿಯೇ ಕೆತ್ತಿದ್ದೇನೆ, ಎಲೆಗೆ ನರ ಕೂಡ ಬಿಡಿಸಿದ್ದೇನೆ, ಬಾಗಿಲ ಹಿಡಿ ಹಿಡಿದು ಎಳೆದೆ, ಸ್ಪ್ರಿಂಗು ತನ್ನ ಕಡೆಗೆ ಎಳೆಯಿತು, ಬಿಗಿ, ಎಷ್ಟು ಬಿಗಿ, ಉಬ್ಬಸದವಳು ಎರಡು ಕೈ ಹಾಕಿ ಎಳೆಯಬೇಕು, ತೆರೆದೆ, ಭುಜ ಕೊಟ್ಟು ಬಾಗಿಲನ್ನು ತಡೆದು ಒಳಗೆ ಕೈ ಹಾಕಿದೆ ಹಿಡಿಕೆಯನ್ನು ಕೆಳಗೆ ಎಳೆಯಲು, ಸಿಗಲಿಲ್ಲ, ಮೇಲಿರಬೇಕಾದಲ್ಲಿ ಬೆರಳಿಗೆ ಬರೀ ಗಾಳಿ, ಹಿಡಿಕೆ ಕೆಳಗಿದೆ, ಆಗಲೇ ಕೆಳಗಿದೆ, ಮೈನ್ ತೆಗೆದಿದೆ, ಯಾರೂ ಇನ್ನು ತೆಗೆಯಬೇಕಾಗಿಲ್ಲ, ಹಜರಾ ಬೀ ನೀರು ಹಾಕಬಹುದು, ಗಿರಣಿ ಓಡುತ್ತಿದೆ, ಕರೆಂಟಿನಲ್ಲೇ ಓಡುತ್ತಿದೆ, ಬೆಳಿಗ್ಗೆಯಿಂದಲೂ ಓಡುತ್ತಿತ್ತು, ನಾನು ಬೀಡಿ ಹಚ್ಚಿದೆ, ಇನ್ನೊಂದು ಹಚ್ಚಿದೆ, ಸುಬ್‌ಹಾನಲ್ಲಾಹ್ ಅಂದೆ, ಅಬ್ಬಾ, ಅಮ್ಮೀ ಕರೀಲಿಲ್ವಾ, ಇದೊಂದೇ ದಾರಿ ಕಣ್ರೀ, ಮೈನ್ ತೆಗೆದ್ಯೇನಪ್ಪಾ ಎಂದು ಹಿತ್ತಲಿಂದ ಹಜರಾ ಬೀ, ತೆಗೆದಿದೆ, ತೆಗೆದಿದೆ, ಒರೆಸಲು ಬಟ್ಟೆ ಇಲ್ಲ, ಒರೆಸಲಾರೆ, ಮುಟ್ಟಬಾರದು, ಕಪ್ಪು ಹಿಡಿಕೆ, ಅದರ ಮೇಲೆ ಹಿಟ್ಟು, ಬೆಳ್ಳಗೆ, ಒಣಗಿ ಬಿರುಕು ಬಿಟ್ಟಿದೆ, ಬೆರಳು ಬೆರಳಾಗಿ, ಹಿಡಿಕೆ ಕೆಳಗಿದೆ, ಅದರ ಮೇಲೆ ಹಿಟ್ಟು, ಅವಳ ಬೆರಳು